‘ಆಗತ್ತೆ ಸಾರ್, ಕೂರತ್ತೆ’ ಅಂತ ಬೇರಿಂಗ್ ಮಾರೋರಿಗೆ

ಹೊಟ್ಟೆ ಉರೀತಿದೆ, ಬರೀದೇ ಇರಕ್ಕಾಗ್ತಿಲ್ಲ. ಅಪ್ಪನ 1981ರ ಪ್ರೀಮಿಯರ್ ಪದ್ಮಿನಿ ಕಾರು, ಹಿಂದಿನ ಎಡಗಡೆ ಚಕ್ರದ ಬೇರಿಂಗ್ (ಎರಡು ಉಕ್ಕಿನ ಬಳೆ, ನಡುವೆ ಗುಂಡುಗಳು, ಚಕ್ರ ಸಲೀಸಾಗಿ ತಿರುಗೋದು ಇದರಿಂದ್ಲೇ) ಎಂಟು ತಿಂಗಳಲ್ಲಿ ಎರಡನೇ ಸಲ ಹೋಗಿದೆ. ಸ್ಪೀಡ್ ನಲವತ್ತು ದಾಟಿದ್ರೆ ಸಾಕು ಗುಂಯ್ ಅಂತ ಶುರು, ಹಿಂದೆ ಕೂತಿರೋ ಅಮ್ಮ ಏನೋ ಅದು ಸದ್ದು ಅಂತ ಗಾಬರಿಯಾಗ್ತಾರೆ.

ಹಳೇ ಬೇರಿಂಗ್ ಬಟ್ಟೇಲಿ ಸುತ್ಕೊಂಡು ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿದ್ದೆ, ಅದರ ಮೇಲಿನ ನಂಬರ್ ಅರ್ಧ ಸವೆದುಹೋಗಿತ್ತು. ಅಂಗಡಿಯೋನು ತೂತಿಗೆ ಹೆಬ್ಬೆರಳು ತೂರಿಸಿ ನೋಡಿ ಒಳಗಿಂದ ಒಂದು ಡಬ್ಬ ತಂದಿಟ್ಟ, "ಆಗತ್ತೆ ಸಾರ್, ಕೂರತ್ತೆ" ಅಂದ. ಅಳತೆ ನೋಡಣ್ಣ ಅಂದ್ರೆ ಮುಖ ಸಿಂಡರಿಸಿದ. ಬೇರಿಂಗ್ ಮಾರೋ ಅಂಗಡೀಲಿ ಅಳತೆ ನೋಡೋ ಒಂದು ವರ್ನಿಯರ್ ಇಲ್ಲ ಸ್ವಾಮಿ! ಈಗ 6206, 6306 ನಂಬರಿನ ಬೇರಿಂಗ್ ತಗೊಳ್ಳಿ, ಎರಡಕ್ಕೂ ಒಳಗಿನ ತೂತು 30 ಎಂಎಂ, ಆದ್ರೆ ಹೊರಗಿನ ಅಳತೆ ಒಂದರದ್ದು 62, ಇನ್ನೊಂದರದ್ದು 72, ದಪ್ಪ 16 ಮತ್ತು 19, ಬೆರಳು ತೂರಿಸಿದ್ರೆ ಇದೆಲ್ಲ ಹೆಂಗೆ ಗೊತ್ತಾಗತ್ತೆ? ಪಕ್ಕ ತೆರೆದಿರೋ ಓಪನ್ನಾ, ಮುಚ್ಚಿರೋ ಸೀಲ್ಡಾ, ಸಿ3 ಇದೆಯಾ ಅಂತ ಕೇಳಿದೆ, "ಎಲ್ಲಾ ಒಂದೇ ಸಾರ್". ಒಂದೇ ಅಲ್ಲಪ್ಪ! ಸಿ3 ಅಂದ್ರೆ ಗುಂಡುಗಳಿಗೆ ಒಳಗಡೆ ಸ್ವಲ್ಪ ಜಾಸ್ತಿ ಸಡಿಲ ಬಿಟ್ಟಿರ್ತಾರೆ, ಶಾಫ್ಟಿಗೆ ಬಿಗಿಯಾಗಿ ಪ್ರೆಸ್ ಮಾಡಿದಾಗ ಒಳಗಿನ ರೇಸ್ (ಒಳಗಿನ ಬಳೆ) ಹಿಗ್ಗತ್ತೆ, ಆ ಹಿಗ್ಗಿಗೆ ಜಾಗ ಬೇಕು, ಇಲ್ಲ ಅಂದ್ರೆ ಬೇರಿಂಗ್ ಬಿಸಿಯಾಗಿ ಬಿಸಿಯಾಗಿ ಸಾಯತ್ತೆ.

ಇದಕ್ಕಿಂತ ಕೇಡು ಮನೆಗೆ ಬಂದ್ಮೇಲೆ ಗೊತ್ತಾಯ್ತು. ಪೆಟ್ರೋಲ್ ಬಟ್ಟೇಲಿ ಒಂದ್ಸಲ ಒರೆಸಿದೆ, ನಂಬರ್ರೇ ಅಳಿಸಿಹೋಯ್ತು, ಬಟ್ಟೆ ಮೇಲೆ ಕಪ್ಪು ಇಂಕು! ಡಬ್ಬ ದೊಡ್ಡ ಕಂಪನೀದು, ಒಳಗಿರೋದು ಯಾವನೋ ಮಾಡಿದ ಡೂಪ್ಲಿಕೇಟ್. ವಾಪಸ್ ತಗೊಂಡು ಹೋದ್ರೆ ಬಿಲ್ ಎಲ್ಲಿ ಅಂತಾನೆ, ಬಿಲ್ ಕೇಳಿದಾಗ ಜಿಎಸ್‌ಟಿ ಎಕ್ಸ್‌ಟ್ರಾ ಆಗತ್ತೆ ಸಾರ್ ಅಂದಿದ್ದೋನೂ ಇವನೇ.

ಸರಿ, ಇನ್ನೊಂದು ಕಡೆ ದುಡ್ಡು ಜಾಸ್ತಿ ಕೊಟ್ಟು ಒರಿಜಿನಲ್ಲೇ ತಂದೆ. ಗ್ಯಾರೇಜಲ್ಲಿ ಏನ್ಮಾಡಿದ್ರು ಗೊತ್ತಾ, ನಾನು ಕಾಫಿ ಕುಡಿದು ಬರೋಷ್ಟರಲ್ಲಿ ಹೊರಗಿನ ರೇಸ್ ಮೇಲೆ ಉಳಿ ಇಟ್ಟು ಸುತ್ತಿಗೇಲಿ ಹೊಡೆದು ಕೂರಿಸಿಬಿಟ್ಟಿದ್ರು. ಆ ಏಟೆಲ್ಲ ಗುಂಡುಗಳ ಮೇಲೇ ತಾನೇ ಬೀಳೋದು? ಮೊನ್ನೆ ಆ ಬೇರಿಂಗ್ ಕತ್ತರಿಸಿ ನೋಡಿದೆ, ಗುಂಡು ಓಡೋ ದಾರೀಲಿ ಸಮ ಸಮ ದೂರಕ್ಕೆ ಗುಳಿ, ಉಗುರಿಗೆ ತಾಗ್ತಿತ್ತು. ಪ್ರೆಸ್ಸಲ್ಲಿ ಒಳಗಿನ ರೇಸ್ ಹಿಡಿದು ಒತ್ತಬೇಕು ಅಂತ ಮೊದಲೇ ಹೇಳಿದ್ದೆ, "ನಲವತ್ತು ವರ್ಷದಿಂದ ಹಿಂಗೇ ಮಾಡ್ತಿದೀವಿ" ಅಂದ್ರು ಮೇಸ್ತ್ರಿ.

ಬರೀ ಸದ್ದಿನ ವಿಷಯ ಅಂದ್ಕೋಬೇಡಿ. ಈ ಗಾಡೀಲಿ ಚಕ್ರ ತಿರುಗಿಸೋ ಆಕ್ಸಲ್ ಶಾಫ್ಟ್ ಹಿಡಿದಿಟ್ಟಿರೋದೇ ಆ ಬೇರಿಂಗು, ಅದರ ಹಿಂದೆ ಕಾಯಿಸಿ ಕೂರಿಸಿರೋ ಒಂದು ಕಾಲರ್, ಅಂದ್ರೆ ಉಕ್ಕಿನ ಬಳೆ. ಅದು ಜಾರಿತು ಅಂದ್ರೆ ಚಕ್ರ ಶಾಫ್ಟ್ ಸಮೇತ ಹೊರಗೆ ಬರತ್ತೆ. ಅದಕ್ಕೂ ಮುಂಚೆ ಆಯಿಲ್ ಸೀಲ್ ಹೋಗಿ ಡಿಫರೆನ್ಷಿಯಲ್ ಆಯಿಲ್ ಬ್ರೇಕ್ ಲೈನರಿಗೆ ಬಡಿಯತ್ತೆ. ಒಳಗೆ ಕೂತಿರೋದು ಎಪ್ಪತ್ತು ದಾಟಿದ ನಮ್ಮಮ್ಮ ರೀ!

ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳು 2023ಕ್ಕೆ ಮುಗಿದ್ವು, ಇನ್ನು ಯಾರು ಸಾರ್ ಇದರ ಮಾಲು ಇಡ್ತಾರೆ ಅಂತ ಎಲ್ಲಾ ಅಂಗಡಿಯೋರೂ ಅದನ್ನೇ ಹೇಳ್ತಾರೆ. ಇಲ್ಲ ಅಂದ್ರೆ ಇಲ್ಲ ಅನ್ನಿ, ಒಪ್ಕೋತೀನಿ, ನಾಲ್ಕು ಊರು ಹುಡುಕ್ತೀನಿ. ಸುಳ್ಳು ಹೇಳಿ ಯಾಕ್ರೀ ಕೊಡ್ತೀರಾ?

ಈಗ ಗಾಡಿ ಶೆಡ್ಡಲ್ಲಿ ಚಕ್ರ ಬಿಚ್ಚಿ ಸ್ಟ್ಯಾಂಡ್ ಮೇಲೆ ನಿಂತಿದೆ. ಶಾಫ್ಟ್ ಅಳತೆ, ಹೌಸಿಂಗ್ ಅಳತೆ ಎಲ್ಲಾ ನಾನೇ ವರ್ನಿಯರಲ್ಲಿ ತೆಗೆದು ಬರೆದಿಟ್ಟಿದೀನಿ. ಮೈಸೂರಲ್ಲೋ ಮಂಡ್ಯದಲ್ಲೋ ಹೈಡ್ರಾಲಿಕ್ ಪ್ರೆಸ್ ಇಟ್ಕೊಂಡಿರೋ, ಸುತ್ತಿಗೆ ಮುಟ್ಟದ ಲೇತ್ ಶಾಪ್ ಗೊತ್ತಿದ್ರೆ ದಯವಿಟ್ಟು ಹೇಳಿ, ಶಾಫ್ಟ್ ಬಸ್ಸಲ್ಲಿ ಹೊತ್ಕೊಂಡಾದ್ರೂ ಬರ್ತೀನಿ.