ಕರ್ನಲ್ ವಾರ್ನಿಂಗಿನಲ್ಲಿ ಕಂಪೈಲ್ ಮಾಡಿದವರ ಫೋಲ್ಡರ್ ಹೆಸರು ಯಾಕೆ?

ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಒಂದು ವಾರ್ನಿಂಗ್ ಕೊಟ್ಟಾಗ ಅದರಲ್ಲಿ ಬರುವ ಫೈಲಿನ ಪಾತ್, ಅಂದರೆ ಫೋಲ್ಡರುಗಳ ಸಮೇತ ಅದರ ವಿಳಾಸ, ಸೋರ್ಸ್ ಟ್ರೀಯ (ಕರ್ನಲ್ ಕೋಡ್ ಇರುವ ಫೋಲ್ಡರಿನ) ಬುಡದಿಂದ ಶುರುವಾಗಬೇಕು. ಕಂಪೈಲ್ ಮಾಡಿದವರ ಹೋಮ್ ಡೈರೆಕ್ಟರಿಯಿಂದಲ್ಲ. ಇದನ್ನ ಸಣ್ಣ ವಿಷಯ ಅಂತ ತಳ್ಳಿಹಾಕುವವರೇ ಜಾಸ್ತಿ. ನನಗೆ ಹಾಗೆ ಅನ್ನಿಸುವುದಿಲ್ಲ, ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಲಿನಕ್ಸ್‌ನಲ್ಲಿ ಈ ವಾರ್ನಿಂಗ್ ಸಾಲು ನೋಡಿದವರಿಗೆ ಗೊತ್ತು. ಮೊದಲು 'ಕಟ್ ಹಿಯರ್' ಅನ್ನೋ ಗೆರೆ. ಆಮೇಲೆ ಸಿಪಿಯು ನಂಬರ್, ಪಿಐಡಿ (ಓಡುತ್ತಿದ್ದ ಪ್ರೋಗ್ರಾಮಿನ ನಂಬರ್), ಫೈಲಿನ ಹೆಸರು, ಲೈನ್ ನಂಬರ್, ಫಂಕ್ಷನ್. ಅದರ ಕೆಳಗೆ ರಿಜಿಸ್ಟರ್‌ಗಳು, ಕಾಲ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿ). ಇಷ್ಟರಲ್ಲಿ ಮನುಷ್ಯರ ಕಣ್ಣು ಮೊದಲು ಹುಡುಕುವುದು ಫೈಲ್ ಮತ್ತು ಲೈನ್ ನಂಬರನ್ನೇ. ನೆಟ್‌ವರ್ಕ್ ಕಾರ್ಡ್ ಪ್ಯಾಕೆಟ್ ಕಳಿಸದೆ ನಿಂತುಬಿಟ್ಟಾಗ ಬರುವ 'ನೆಟ್‌ಡೆವ್ ವಾಚ್‌ಡಾಗ್' ವಾರ್ನಿಂಗ್ ತಗೊಳ್ಳಿ. ಅದು ಬರುವುದು ನೆಟ್ ಫೋಲ್ಡರಿನೊಳಗಿನ ಶೆಡ್ (ಪ್ಯಾಕೆಟ್‌ಗಳ ಸರದಿ ನೋಡುವ ಕೋಡ್) ಫೋಲ್ಡರಿನ ಒಂದು ಫೈಲಿನಿಂದ. 'ನೆಟ್/ಶೆಡ್' ಅಂತ ಕಂಡರೆ ಸಾಕು, ಸಮಸ್ಯೆ ಯಾವ ಕಡೆಯದು ಅಂತ ಅರ್ಧ ಗೊತ್ತಾಗಿಬಿಡುತ್ತದೆ. ಅದರ ಮುಂದೆ ಯಾವುದೋ ಬಿಲ್ಡ್ ಸರ್ವರಿನ ಫೋಲ್ಡರ್, ಅದರೊಳಗೆ ಇನ್ನೊಂದು ಫೋಲ್ಡರ್, ಅದರೊಳಗೆ ವರ್ಶನ್ ನಂಬರ್ ಇರುವ ಮತ್ತೊಂದು ಫೋಲ್ಡರ್ ಅಂತ ಉದ್ದಕ್ಕೆ ಬಂದರೆ, ಬೇಕಾದ ಮಾತು ಸಾಲಿನ ಕೊನೆಗೆ ಹೋಗಿ ಬೀಳುತ್ತದೆ. 80 ಅಕ್ಷರದ ಕನ್ಸೋಲಿನಲ್ಲಿ ಅದು ಮುರಿದು ಕೆಳಗಿನ ಸಾಲಿಗೆ ಹೋಗುತ್ತದೆ. ಸಿಸ್ಟಮ್ ಪೂರ್ತಿ ಸತ್ತಾಗ ಪರದೆಯ ಫೋಟೋ ಒಂದೇ ಸಾಕ್ಷಿ ಆಗಿರುವ ಸಂದರ್ಭಗಳೂ ಇವೆ, ಆಗ ಒಂದೊಂದು ಸಾಲಿಗೂ ಬೆಲೆ ಇರುತ್ತದೆ ಅಲ್ವಾ?

ಇದು ಹೀಗೆ ಆಗುವುದು ಯಾಕೆ ಅಂದರೆ, ಸಿ ಭಾಷೆಯ 'ಫೈಲ್' ಮ್ಯಾಕ್ರೋ (ಕಂಪೈಲ್ ಆಗುವಾಗ ಫೈಲಿನ ಪಾತ್ ಆಗಿ ಬದಲಾಗುವ ಪದ, ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವುದು) ಕಂಪೈಲರಿಗೆ ಯಾವ ಪಾತ್ ಕೊಟ್ಟಿರುತ್ತೇವೋ ಅದನ್ನೇ ಸ್ಟ್ರಿಂಗ್ ಮಾಡಿ ಬೈನರಿಯೊಳಗೆ ಇಡುತ್ತದೆ. ಸೋರ್ಸ್ ಟ್ರೀಯೊಳಗೇ ನಿಂತು 'ಮೇಕ್' ಅಂದರೆ ಪಾತ್ ಚಿಕ್ಕದಾಗಿಯೇ ಬರುತ್ತದೆ. ಬಿಲ್ಡ್ ಬೇರೆ ಡೈರೆಕ್ಟರಿಯಲ್ಲಿ ಮಾಡಿದರೆ ಪೂರ್ತಿ ಪಾತ್ ಬರಬಹುದು, ಇಲ್ಲವೇ ಎರಡು ಚುಕ್ಕೆ (ಮೇಲಿನ ಫೋಲ್ಡರ್ ಅನ್ನುವ ಗುರುತು) ಹಾಕಿಕೊಂಡು ಬರಬಹುದು. ಹೆಡರ್ ಫೈಲಿನ ಇನ್‌ಲೈನ್ ಫಂಕ್ಷನ್ ಆದರೆ ಮುಂದೆ ಒಂದು ಚುಕ್ಕೆ, ಒಂದು ಸ್ಲ್ಯಾಶ್. ಕೋಡ್ ಒಂದೇ, ತಪ್ಪು ಒಂದೇ, ಆದರೆ ವಾರ್ನಿಂಗಿನ ಅಕ್ಷರಗಳು ಮೂರು ಥರ.

ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ವಾರ್ನಿಂಗ್ ಬರುವುದು ಒಂದು ಕಡೆ, ಅದನ್ನು ಓದಿ ಸರಿಮಾಡುವವರು ಇನ್ನೊಂದು ಕಡೆ. ಬಿಲ್ಡ್ ಮಾಡಿದವರು ಯಾರೋ ಮೂರನೆಯವರು, ಆ ಬಿಲ್ಡ್ ಮಾಡಿದ ಡೈರೆಕ್ಟರಿ ಎಷ್ಟೋ ಸಲ ಮರುಕ್ಷಣವೇ ಅಳಿಸಿಹೋಗಿರುತ್ತದೆ. ಇಲ್ಲದ ಜಾಗದ ವಿಳಾಸ ಬರೆದು ಯಾರಿಗೆ ಉಪಯೋಗ? ಅದೇ ಸಮಸ್ಯೆ ಬೇರೆ ಡಿಸ್ಟ್ರೋದಲ್ಲೂ (ಲಿನಕ್ಸ್‌ನ ಬೇರೆ ರೂಪದಲ್ಲೂ) ಬಂದಿದೆಯಾ ಅಂತ ಹುಡುಕಲು ಹೊರಟರೆ ಸಾಲು ಹೊಂದುವುದಿಲ್ಲ. ಒಂದೇ ಥರದ ವರದಿಗಳನ್ನು ಒಟ್ಟು ಸೇರಿಸುವ ಸ್ಕ್ರಿಪ್ಟ್ ಬರೆಯುವವರು ಮೊದಲು ಪಾತ್ ಕತ್ತರಿಸುವ ಕೆಲಸವನ್ನೇ ಮಾಡಬೇಕಾಗುತ್ತದೆ. ಫ್ರೀಬಿಎಸ್‌ಡಿ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮಿನ ಲಾಕ್ ಪರೀಕ್ಷಿಸುವ ಕೋಡ್ ನೋಡಿ, ಫೈಲ್ ಹೆಸರಿನ ಮುಂದೆ ಬರುವ ಎರಡು ಚುಕ್ಕೆಗಳನ್ನು ಕಿತ್ತುಹಾಕುವುದಕ್ಕೇ ಅಂತ ಅದರಲ್ಲಿ ಒಂದು ಪುಟ್ಟ ಫಂಕ್ಷನ್ ಇದೆ.

ಇನ್ನೊಂದು ಮಾತು. 2018ರ ಜನವರಿಯಲ್ಲಿ ಬಂದ 4.15 ಕರ್ನಲ್‌ನಿಂದ, ಸಾಮಾನ್ಯ ರೀತಿಯಲ್ಲಿ ಪ್ರಿಂಟ್ ಮಾಡಿದ ಪಾಯಿಂಟರ್ (ಮೆಮೊರಿ) ವಿಳಾಸಗಳನ್ನು ಹ್ಯಾಶ್ ಮಾಡಿಯೇ, ಅಂದರೆ ಅಸಲಿ ವಿಳಾಸ ಗೊತ್ತಾಗದ ಹಾಗೆ ಬದಲಿಸಿಯೇ, ತೋರಿಸುತ್ತಾರೆ. ಒಳಗಿನ ಮಾಹಿತಿ ಹೊರಗೆ ಸೋರಬಾರದು ಅಂತ ಅಷ್ಟು ಎಚ್ಚರ. ಅದೇ ಲಾಗಿನಲ್ಲಿ ಒಬ್ಬ ಡೆವಲಪರಿನ ಲಾಗಿನ್ ಹೆಸರು, ಇನ್ನೂ ಹೊರಗೆ ಹೇಳದ ಪ್ರಾಜೆಕ್ಟಿನ ಹೆಸರು ಫೋಲ್ಡರ್ ರೂಪದಲ್ಲಿ ಹೋಗುವುದು ಸರಿಯಾ? ಬಿಲ್ಡ್ ಮಾಡಿದವರ ಹೆಸರು ಬೂಟ್ ಸಾಲಿನಲ್ಲೂ ಬರುತ್ತದೆ, ನಿಜ. ಆದರೆ ಅದನ್ನು ಬದಲಿಸಲು ಬಿಲ್ಡ್ ಸಿಸ್ಟಮ್ಮಿನಲ್ಲೇ ವೇರಿಯಬಲ್ ಕೊಟ್ಟಿದ್ದಾರೆ. ಒಂದೇ ಸೋರ್ಸಿನಿಂದ ಯಾರು ಎಲ್ಲಿ ಕಟ್ಟಿದರೂ ಬೈಟಿಗೆ ಬೈಟ್ ಒಂದೇ ಬೈನರಿ ಬರಬೇಕು ಅಂತ ಡೆಬಿಯನ್‌ನವರೂ ಇತರರೂ ವರ್ಷಗಟ್ಟಲೆ ದುಡಿದಿದ್ದಾರೆ. ಪೂರ್ತಿ ಪಾತ್ ಒಳಗೆ ಕೂತಿದ್ದರೆ ಅದೂ ಕೆಡುತ್ತದೆ.

ಪರಿಹಾರ ಕಷ್ಟದ್ದೇನಲ್ಲ. ಜಿಸಿಸಿ ಕಂಪೈಲರಿನ 8ನೇ ವರ್ಶನ್ನಿನಲ್ಲಿ 'ಮ್ಯಾಕ್ರೋ ಪ್ರಿಫಿಕ್ಸ್ ಮ್ಯಾಪ್' ಅನ್ನೋ ಆಯ್ಕೆ ಬಂತು, ಕ್ಲ್ಯಾಂಗ್ ಕಂಪೈಲರಿನ 10ರಲ್ಲೂ ಬಂತು. ಸೋರ್ಸ್ ಟ್ರೀಯ ಪಾತ್ ಕೊಟ್ಟು, ಇದನ್ನ ಖಾಲಿ ಮಾಡು ಅಂದರೆ ಮುಗೀತು. ಲಿನಕ್ಸ್ ಬಿಲ್ಡ್ ಸಿಸ್ಟಮ್ 2018ರಲ್ಲೇ ಇದನ್ನ ಸೇರಿಸಿಕೊಂಡಿತು.

ಪೂರ್ತಿ ಪಾತ್ ಇದ್ದರೆ ಎಡಿಟರಿನಲ್ಲಿ ಕ್ಲಿಕ್ ಮಾಡಿ ನೇರ ಹೋಗಬಹುದು ಅಂತ ಕೆಲವರು ವಾದಿಸುತ್ತಾರೆ. ಅದು ಆಗುವುದು ಬಿಲ್ಡ್ ಮಾಡಿದ ಯಂತ್ರದಲ್ಲಿ ಮಾತ್ರ. ಡಿಬಗ್ಗರಿಗೆ (ಜಿಡಿಬಿಯಂಥ ತಪ್ಪು ಹುಡುಕುವ ಸಾಧನಕ್ಕೆ) ತೊಂದರೆ ಆಗುತ್ತದೆ ಅನ್ನುವವರಿಗೆ ಹೇಳಬೇಕಾದ್ದು ಇಷ್ಟು: ಈ ಆಯ್ಕೆ ಮ್ಯಾಕ್ರೋವನ್ನು ಮಾತ್ರ ಬದಲಿಸುತ್ತದೆ, ಡಿಬಗ್ ಮಾಹಿತಿಯೊಳಗಿನ ಪಾತ್‌ಗಳನ್ನು ಮುಟ್ಟುವುದಿಲ್ಲ. ಜಿಡಿಬಿ ಮೊದಲು ಹೇಗೆ ಫೈಲ್ ಹುಡುಕುತ್ತಿತ್ತೋ ಹಾಗೇ ಹುಡುಕುತ್ತದೆ.

ಹಾಗಾದರೆ ಬರೀ ಫೈಲಿನ ಹೆಸರು ಸಾಲದಾ ಅಂತ ಇನ್ನೊಂದು ತುದಿಗೆ ಹೋಗುವವರೂ ಇದ್ದಾರೆ. ಸಾಲದು. ಕರ್ನಲ್‌ನಲ್ಲಿ 'ಕೋರ್ ಡಾಟ್ ಸಿ' ಅನ್ನೋ ಫೈಲ್ ಎಷ್ಟು ಕಡೆ ಇದೆ ನೋಡಿ: ಶೆಡ್ಯೂಲರಿನಲ್ಲಿ, ಯುಎಸ್‌ಬಿಯ ಕಂಟ್ರೋಲರ್ ಡ್ರೈವರಿನಲ್ಲಿ, ರೆಗ್ಯುಲೇಟರಿನಲ್ಲಿ, ಎಮ್ಎಮ್‌ಸಿಯಲ್ಲಿ. ಊರಿನ ಹೆಸರು ಇಲ್ಲದೆ ಬರೀ ಮನೆ ನಂಬರ್ ಬರೆದ ಕಾಗದ ಇದ್ದ ಹಾಗೆ.

ಟ್ರೀಯ ಹೊರಗಿನ ಮಾಡ್ಯೂಲ್‌ಗಳದ್ದು (ಕರ್ನಲ್ ಜೊತೆ ಸೇರದೆ ಬೇರೆಯಾಗಿ ಬರುವ ಡ್ರೈವರಿನಂಥವು) ಇನ್ನೂ ಬಾಕಿ ಇರುವ ಕೆಲಸ. ಎಷ್ಟೋ ವರ್ಶನ್‌ಗಳಲ್ಲಿ ಕರ್ನಲ್‌ನ ಮ್ಯಾಪ್ ಅದರ ಸ್ವಂತ ಸೋರ್ಸಿಗೆ ಮಾತ್ರ. ಎಷ್ಟೋ ಕಡೆ ಹೊರಗಿನ ಡ್ರೈವರುಗಳ ವಾರ್ನಿಂಗಿನಲ್ಲಿ ಪೂರ್ತಿ ಪಾತ್ ಹಾಗೇ ಕಾಣುತ್ತದೆ. ಯಾವ ಮಾಡ್ಯೂಲ್ ಅಂತ ಗೊತ್ತಾಗಲಿ ಬಿಡಿ ಅನ್ನಬಹುದು, ಆದರೆ ಮಾಡ್ಯೂಲಿನ ಹೆಸರು ಅದೇ ಸಾಲಿನಲ್ಲಿ ಫಂಕ್ಷನ್ ಪಕ್ಕ ಚೌಕ ಆವರಣದಲ್ಲಿ ಹೇಗೂ ಇರುತ್ತದೆ. ನೀವು ಇಂಥ ಮಾಡ್ಯೂಲ್ ಬರೆಯುವವರಾದರೆ ದಯವಿಟ್ಟು ಮೇಕ್‌ಫೈಲಿನಲ್ಲಿ ಆ ಒಂದು ಫ್ಲ್ಯಾಗ್ ಸೇರಿಸಿ. ಆಮೇಲೆ ಡಿಬಗ್ ಮಾಹಿತಿ ಸ್ಟ್ರಿಪ್ ಮಾಡಿದ ಫೈಲಿನ ಮೇಲೆ ಒಳಗಿರುವ ಅಕ್ಷರಗಳನ್ನು ತೋರಿಸುವ 'ಸ್ಟ್ರಿಂಗ್ಸ್' ಕಮಾಂಡ್ ಓಡಿಸಿ, ನಿಮ್ಮ ಹೋಮ್ ಡೈರೆಕ್ಟರಿಯ ಹೆಸರು ಸಿಗುತ್ತದಾ ಅಂತ ನೋಡಿ. ಸಿಕ್ಕರೆ ಬಿಡುಗಡೆ ಮಾಡುವ ಮೊದಲೇ ತೆಗೆದುಹಾಕಿ.