ದರಕಿಗೊಂದು ದರ

ಫೆಬ್ರುವರಿ ಕಳೆಯುತ್ತಿದ್ದಂತೆ ಬೆಂಗಳೂರಿನ ಹೊಂಗೆ ಮರಗಳು ಪ್ರತಿವರ್ಷವೂ ತಪ್ಪದೆ ಒಂದು ಅಪರಾಧವನ್ನು ಎಸಗುತ್ತವೆ: ಎಲೆ ಉದುರಿಸುತ್ತವೆ. ನಮ್ಮ ವಸತಿ ಸಮುಚ್ಚಯದ ಆವರಣದಲ್ಲಿ ಹದಿನಾಲ್ಕು ಹೊಂಗೆ, ಎರಡು ಮಳೆಮರ, ಒಂದು ಸಂಪಿಗೆ, ಹೀಗೆ ಒಟ್ಟು ಹದಿನೇಳು ಆರೋಪಿಗಳಿವೆ. ಇವು ರಾತ್ರಿಯಿಡೀ ನಡೆಸಿದ ಕೃತ್ಯದ ಕುರುಹು ಅಳಿಸಲು ಬೆಳಿಗ್ಗೆ ಐದೂವರೆಗೇ ಇಬ್ಬರು ಹೆಂಗಸರು ಕಡ್ಡಿಪೊರಕೆ ಹಿಡಿದು ಬರುತ್ತಾರೆ. ಏಳು ಗಂಟೆಗೆ ವಾಕಿಂಗಿಗೆ ಇಳಿಯುವವರ ಬೂಟಿನ ಕೆಳಗೆ ಒಂದೇ ಒಂದು ತರಗೆಲೆಯೂ ಚರಪರ ಎನ್ನಬಾರದೆಂಬುದು ಸಂಘದ ನಿಯಮ. ಗುಡಿಸಿದ ಎಲೆಯೆಲ್ಲ ದೊಡ್ಡ ಕಪ್ಪು ಪ್ಲಾಸ್ಟಿಕ್ ಚೀಲಗಳನ್ನು ಸೇರಿ, ಚೀಲಗಳ ಬಾಯಿಗೆ ಗಂಟು ಬಿದ್ದು, ಗೇಟಿನ ಪಕ್ಕದಲ್ಲಿ ಸಾಲಾಗಿ ಕುಳಿತಿರುತ್ತವೆ. ವಾರಕ್ಕೆರಡು ಸಲ ಬರುವ ಟೆಂಪೋ ಅವನ್ನು ಒಯ್ಯುತ್ತದೆ. ಒಯ್ಯುವುದಕ್ಕಾಗಿ ನಾವು ತಿಂಗಳಿಗೆ ಆರು ಸಾವಿರ ರೂಪಾಯಿ ಕೊಡುತ್ತೇವೆ.

ಟೆಂಪೋ ಹೊರಟ ಗೇಟಿನಿಂದಲೇ ಹತ್ತೂವರೆಯ ಹೊತ್ತಿಗೆ ಡೆಲಿವರಿ ಹುಡುಗ ಒಳಗೆ ಬರುತ್ತಾನೆ. ಕಳೆದ ತಿಂಗಳು ಅವನು ನನ್ನ ಮನೆಗೂ ಬಂದಿದ್ದ. ರಟ್ಟಿನ ಪೆಟ್ಟಿಗೆಯ ಒಳಗೆ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ, ಅದರೊಳಗೆ ಜಿಪ್ ಇರುವ ಮಿರುಗುವ ಚೀಲ, ಚೀಲದ ಮೇಲೆ ಎರಡು ಅಂಗೈಗಳ ನಡುವೆ ಮೊಳಕೆಯೊಡೆದ ಸಸಿಯ ಚಿತ್ರ, ಕೆಳಗೆ ‘ಶುದ್ಧ ಎಲೆಗೊಬ್ಬರ, 5 ಕೆ.ಜಿ., 349 ರೂಪಾಯಿ’ ಎಂಬ ಬರಹ. ಬಾಲ್ಕನಿಯ ಟೊಮೆಟೊ ಗಿಡಕ್ಕೆ ಹಾಕಲೆಂದು ಚೀಲ ಬಿಚ್ಚಿ ಮುಷ್ಟಿಯಷ್ಟು ತೆಗೆದಾಗ, ಪುಡಿಯ ನಡುವೆ ಪೂರ್ತಿ ಕೊಳೆಯದ ಎಲೆಯೊಂದು ತೊಟ್ಟಿನ ಸಮೇತ ಸಿಕ್ಕಿತು. ಎರಡು ಬೆರಳಿನಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿದೆ. ಹೊಂಗೆಯ ಎಲೆ. ನಮ್ಮ ಆವರಣದ್ದೇ ಎಂದು ಪ್ರಮಾಣ ಮಾಡಿ ಹೇಳಲಾರೆ; ನಮ್ಮದಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ಊರಿನಿಂದ ಬಂದಿದ್ದ ಅಮ್ಮ ಪಕ್ಕದಲ್ಲೇ ಕುಳಿತು ಬೀನ್ಸ್ ಸೋಸುತ್ತಿದ್ದಳು. ಚೀಲದ ಮೇಲಿನ ಬೆಲೆಯನ್ನು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, “ಏ ಕೂಸೇ, ದರಕಿಗೂ ದುಡ್ಡು ಕೊಟ್ಯನೇ?” ಎಂದಳು.

ಶಿರಸಿ ಸೀಮೆಯವರಿಗೆ ದರಕೆಂದರೆ ಏನೆಂದು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಅದು ಒಣಗಿ ಉದುರಿದ ಎಲೆ. ಉತ್ತರ ಕನ್ನಡದಲ್ಲಿ ಅಡಿಕೆ ತೋಟ ಇದ್ದವರಿಗೆ ಸೊಪ್ಪಿನ ಬೆಟ್ಟದ, ಎಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ದರಕು ತರುವ ಕಾಡಿನ, ಹಕ್ಕಿತ್ತು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟವನ್ನು ಬ್ರಿಟಿಷರ ಕಾಲದ ಸರಕಾರವೇ ಬಿಟ್ಟುಕೊಟ್ಟಿತ್ತು. ಬೇಸಿಗೆಯಲ್ಲಿ ಬೆಟ್ಟಕ್ಕೆ ಹೋಗಿ ದರಕು ಗುಡಿಸಿ ತಂದು, ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಿ, ಸಗಣಿ ಗಂಜಲದಲ್ಲಿ ನೆನೆದದ್ದನ್ನು ಎಳೆದು ಗೊಬ್ಬರ ಗುಂಡಿಗೆ ಹಾಕಿ, ಕಳಿತ ಮೇಲೆ ಅಡಿಕೆ ಮರದ ಬುಡಕ್ಕೆ ಹೊರುವುದು ಅಲ್ಲಿನ ವರ್ಷದ ಲೆಕ್ಕ. ಮದುವೆಯಾಗಿ ಬಂದ ಹೊಸದರಲ್ಲಿ ಬೆಳಗಿನ ಆಸರಿಗೆಗೆ, ಎಂದರೆ ತಿಂಡಿಗೆ, ಮೊದಲೇ ಹೆಡಿಗೆ ಹೊತ್ತು ಬೆಟ್ಟ ಹತ್ತಿದ್ದನ್ನು ಅಮ್ಮ ಈಗಲೂ ಹೇಳುತ್ತಾಳೆ. ಪಕ್ಕದ ಮನೆಯವರು ತಮ್ಮ ಬೆಟ್ಟದ ಗಡಿ ದಾಟಿ ಒಂದು ಹೆಡಿಗೆ ದರಕು ಗುಡಿಸಿಕೊಂಡರೆಂಬ ಕಾರಣಕ್ಕೆ ಎರಡು ತಲೆಮಾರು ಮಾತು ಬಿಟ್ಟ ಮನೆತನಗಳು ನಮ್ಮೂರಿನಲ್ಲಿವೆ. ಅಂಥಲ್ಲಿಂದ ಬಂದವಳಿಗೆ, ಎಲೆಯನ್ನು ದುಡ್ಡು ಕೊಟ್ಟು ಹೊರಗೆ ಕಳಿಸಿ ಮತ್ತೆ ದುಡ್ಡು ಕೊಟ್ಟು ಒಳಗೆ ತರಿಸಿಕೊಳ್ಳುವುದಕ್ಕೆ ‘ಸುಸ್ಥಿರ ಬದುಕು’ ಎಂಬ ಹೆಸರಿದೆಯೆಂದು ನಾನು ಹೇಗೆ ತಿಳಿಸಲಿ?

ತಪ್ಪೆಲ್ಲ ನಮ್ಮ ಸಂಘದ್ದೇ ಎನ್ನುವುದು ಅನ್ಯಾಯವಾದೀತು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಸಾಹೇಬರು, ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ, ಈ ಊರು ವರ್ಷವಿಡೀ ಸರದಿಯಲ್ಲಿ ಹೂಬಿಡುವಂತೆ ಮರ ನೆಡಿಸಿದವರೆಂದು ಇಂದಿಗೂ ಕೊಂಡಾಡುತ್ತೇವೆ. ಹೂವು ಸರದಿಯಲ್ಲಿ ಅರಳಿದರೆ ಎಲೆಯೂ ಸರದಿಯಲ್ಲೇ ಉದುರುತ್ತದೆ ಎಂಬ ಗುಟ್ಟನ್ನು ಮಾತ್ರ ಆ ಮಹನೀಯರು ಮುಂದಿನವರಿಗೆ ತಿಳಿಸಿ ಹೋದಂತಿಲ್ಲ. ಟಬೆಬುಯಾ ಅರಳಿದಾಗ ಇಡೀ ನಗರ ಮೊಬೈಲ್ ಎತ್ತಿ ಫೋಟೋ ತೆಗೆಯುತ್ತದೆ. ಅದೇ ಮರ ವಾರ ಬಿಟ್ಟು ನೆಲದ ಮೇಲೆ ಗುಲಾಬಿ ಬಣ್ಣ ಚೆಲ್ಲಿದರೆ, ಗುಡಿಸುವವರು ಎಲ್ಲಿ ಸತ್ತರೆಂದು ಅದೇ ಮೊಬೈಲಿನಿಂದ ದೂರು ಹೋಗುತ್ತದೆ.

ಕಾನೂನಿಗೇನೂ ಕೊರತೆಯಿಲ್ಲ. ಕಸದ ವಿಷಯದಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲೇ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು, 2000ದಲ್ಲಿ ದೇಶಕ್ಕೆ ನಿಯಮ ಬಂತು, 2016ರಲ್ಲಿ ಇನ್ನೂ ದಪ್ಪನೆಯ ನಿಯಮ ಬಂತು. ತೋಟದ ಕಸವನ್ನು ಬೇರೆಯಾಗಿಯೇ ಇಟ್ಟುಕೊಳ್ಳಬೇಕು, ಸುಡಬಾರದು, ಉದ್ಯಾನಗಳ ಕಸವನ್ನು ಸ್ಥಳೀಯ ಸಂಸ್ಥೆಗಳು ‘ಸಾಧ್ಯವಾದ ಮಟ್ಟಿಗೆ’ ಆಯಾ ಉದ್ಯಾನದೊಳಗೇ ಸಂಸ್ಕರಿಸಬೇಕು ಎಂದೆಲ್ಲ ಅದರಲ್ಲಿತ್ತು. ‘ಸಾಧ್ಯವಾದ ಮಟ್ಟಿಗೆ’ ಎಂಬ ಎರಡು ಪದಗಳನ್ನು ಬರೆದವರಿಗೆ ನಮ್ಮ ಆಡಳಿತದ ಪರಿಚಯ ಬಹಳ ಆಳವಾಗಿದ್ದಿರಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ, ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟವರಿಗೆ 25,000 ರೂಪಾಯಿ ದಂಡವೆಂದು ಆದೇಶಿಸಿತು. ಚಳಿಗಾಲದ ಬೆಳಗ್ಗೆ ನಮ್ಮ ಬಡಾವಣೆಯ ಅಡ್ಡರಸ್ತೆಗಳಲ್ಲಿ ನಡೆದು ಹೋದರೆ ಆ ಆದೇಶದ ಹೊಗೆ ಇನ್ನೂ ಆಡುತ್ತಿರುವುದು ಮೂಗಿಗೆ ಬಡಿಯುತ್ತದೆ. ಹೀಗೆ ಸುಟ್ಟು ಉಳಿದ ಕಸವೆಲ್ಲ ಹಿಂದೆ ಮಾವಳ್ಳಿಪುರಕ್ಕೂ ಮಂಡೂರಿಗೂ ಹೋಗುತ್ತಿತ್ತು. ಮಂಡೂರಿನ ಜನ ರಸ್ತೆಗಿಳಿದು ಹಟ ಹಿಡಿದ ಮೇಲೆ 2014ರ ಕೊನೆಗೆ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಲಾರಿಗಳಿಗೆ ಬೇರೆ ಹಳ್ಳಿಗಳು ಸಿಕ್ಕವು.

ದಂಡದ ಭಯಕ್ಕೆ ನಾವು ಸುಡುವುದಿಲ್ಲ ಎಂಬುದನ್ನು ಒಪ್ಪಬೇಕು. ಬದಲಿಗೆ ನಮ್ಮಲ್ಲಿ ಯಂತ್ರವಿದೆ. ದಿನಕ್ಕೆ ನೂರು ಕಿಲೋಗಿಂತ ಹೆಚ್ಚು ಕಸ ಮಾಡುವವರು ಹಸಿ ಕಸವನ್ನು ತಮ್ಮ ಆವರಣದಲ್ಲೇ ಸಂಸ್ಕರಿಸಬೇಕೆಂಬ ನಿಯಮಕ್ಕೆ ತಲೆಬಾಗಿ, ಮೂರು ವರ್ಷದ ಹಿಂದೆ ಪ್ರತಿ ಮನೆಯಿಂದಲೂ ವಂತಿಗೆ ಎತ್ತಿ ಒಂದು ಕಾಂಪೋಸ್ಟ್ ಯಂತ್ರವನ್ನು ತರಿಸಿ, ಜನರೇಟರ್ ಕೋಣೆಯ ಪಕ್ಕದಲ್ಲಿ ಪೂಜೆ ಮಾಡಿ, ನಿಂಬೆಹಣ್ಣು ಕಟ್ಟಿ ಕೂರಿಸಿದೆವು. ತರಕಾರಿ ಸಿಪ್ಪೆ, ಉಳಿದ ಅನ್ನ ಸಾರು ಎಲ್ಲ ಅದರ ಹೊಟ್ಟೆಗೆ. ಬರೀ ಹಸಿ ಕಸ ಹಾಕಿದರೆ ನೀರೊಡೆದು ನಾರುತ್ತದಾದ್ದರಿಂದ ಒಣ ಪದಾರ್ಥ ಬೆರೆಸಲೇಬೇಕು; ಇದು ಗೊಬ್ಬರದ ಮೊದಲನೆಯ ಪಾಠ. ಯಂತ್ರದ ಕೈಪಿಡಿಯಲ್ಲಿ ಮರದ ಹೊಟ್ಟು ಅಥವಾ ಕೋಕೋಪೀಟ್ ಎಂದು ಬರೆದಿದೆ. ಆದ್ದರಿಂದ ತಿಂಗಳಿಗೆ ಇಷ್ಟು ಮೂಟೆ ಮರದ ಹೊಟ್ಟನ್ನೂ, ತೆಂಗಿನ ನಾರಿನ ಪುಡಿಯನ್ನು ಒತ್ತಿ ಮಾಡಿದ ಇಟ್ಟಿಗೆಗಳನ್ನೂ ಹಣ ಕೊಟ್ಟು ತರಿಸುತ್ತೇವೆ. ಯಂತ್ರ ನೋಡಿಕೊಳ್ಳುವ ಹುಡುಗ ಇಟ್ಟಿಗೆಯನ್ನು ಬಕೆಟಿನಲ್ಲಿ ನೆನೆಹಾಕಿ ಉಬ್ಬಿಸುತ್ತಿರುವಾಗ, ಅವನ ಬೆನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಒಣ ಎಲೆ ತುಂಬಿದ ಇಪ್ಪತ್ತು ಚೀಲಗಳು ಟೆಂಪೋ ಕಾಯುತ್ತಿರುತ್ತವೆ. “ಈ ಎಲೆಯನ್ನೇ ಪುಡಿಮಾಡಿ ಹಾಕಬಾರದೇನಪ್ಪಾ?” ಎಂದು ಒಂದು ದಿನ ಕೇಳಿದೆ. ಅವನು ಕೈಪಿಡಿಯ ಪುಟ ತಿರುವಿ ತೋರಿಸಿ, “ಇದರಲ್ಲಿ ಎಲೆ ಅಂತ ಇಲ್ಲ ಮೇಡಂ” ಎಂದ. ಅವನದೇನು ತಪ್ಪು? ಮರವನ್ನು ಕೊಯ್ದು ಬಂದ ಪುಡಿಗೆ ಕೈಪಿಡಿಯಲ್ಲಿ ಜಾಗವಿದೆ, ಕೊಯ್ಯದೆ ತಾನಾಗಿ ಬಿದ್ದದ್ದಕ್ಕೆ ಇಲ್ಲ.

ಹೀಗಿರಲಾಗಿ ವಾರ್ಷಿಕ ಸಭೆಯಲ್ಲಿ ನಾನು ಒಂದು ಸಣ್ಣ ಪ್ರಸ್ತಾಪ ಮುಂದಿಟ್ಟೆ. ಹಿಂಬದಿಯ ಕಾಂಪೌಂಡಿಗೆ ತಾಗಿ ನಾಲ್ಕಡಿ ಅಗಲದ ಎರಡು ಜಾಲರಿ ತೊಟ್ಟಿ ಮಾಡೋಣ, ಎಲೆ ತುಂಬಿ ಆಗಾಗ ನೀರು ಚಿಮುಕಿಸಿ ಹುಳಿ ಮಜ್ಜಿಗೆಯನ್ನೋ ಸಗಣಿ ನೀರನ್ನೋ ಹಾಕಿದರೆ ಕೆಲವು ತಿಂಗಳಲ್ಲಿ ಕಪ್ಪು ಗೊಬ್ಬರವಾಗುತ್ತದೆ, ಎಚ್‌ಎಸ್‌ಆರ್ ಬಡಾವಣೆಯಲ್ಲಿ ಇದನ್ನೆಲ್ಲ ಕಲಿಸುವ ಕೇಂದ್ರವೇ ಇದೆ ಎಂದೆ. ಸಭೆ ಗಂಭೀರವಾಯಿತು. ಖಜಾಂಚಿಗಳು, ಎಲೆರಾಶಿ ಇದ್ದಲ್ಲಿ ಹಾವು ಬರುತ್ತದೆ ಎಂದರು. ಅವರ ಮನೆ ಒಂಬತ್ತನೆಯ ಮಹಡಿಯಲ್ಲಿದೆ. ಹಾವಾದರೂ ಸರಿ, ಗೇಟಿನಲ್ಲಿ ಹೆಸರು ನೋಂದಾಯಿಸದೆ ನಮ್ಮಲ್ಲಿ ಹೇಗೆ ಒಳಬಂದೀತು ಎಂಬ ನನ್ನ ಮಾತನ್ನು ಯಾರೂ ತಮಾಷೆಯೆಂದು ತಿಳಿಯಲಿಲ್ಲ. ಭದ್ರತೆಯ ಉಸ್ತುವಾರಿಯವರು ಅದನ್ನು ಬರೆದುಕೊಂಡರು. ಇನ್ನೊಬ್ಬರು ಸೊಳ್ಳೆ ಎಂದರು. ಕೊನೆಗೆ ಅಧ್ಯಕ್ಷರು, “ನೋಡೀಮ್ಮಾ, ಫ್ಲಾಟ್ ನೋಡೋಕೆ ಬಂದವರ ಕಣ್ಣಿಗೆ ಕೊಳೆತ ಎಲೆ ಬಿದ್ದರೆ ರೇಟು ಇಳಿಯುತ್ತೆ” ಎಂದಾಗ ಚರ್ಚೆ ತಾನಾಗಿ ಮುಗಿಯಿತು. ಪ್ರಸ್ತಾಪವನ್ನು ‘ಹಸಿರು ಉಪಸಮಿತಿ’ಗೆ ಒಪ್ಪಿಸಲಾಯಿತು. ಉಪಸಮಿತಿಯಲ್ಲಿರುವುದು ನಾನೊಬ್ಬಳೇ.

ಇದೇ ಸಭೆಯ ಇನ್ನೊಂದು ನಿರ್ಣಯವನ್ನೂ ಹೇಳಿಬಿಡಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಕೈಕೊಟ್ಟು, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತ್ತಷ್ಟೇ. ಆ ಬೇಸಿಗೆಯಲ್ಲಿ ನಮ್ಮ ಗಿಡಗಳು ಸೊರಗಿದ್ದನ್ನು ನೆನೆದು, ಮುಂದೆ ಹಾಗಾಗಬಾರದೆಂದು, ಟ್ಯಾಂಕರ್ ನೀರಿಗಾಗಿ ಪ್ರತ್ಯೇಕ ನಿಧಿಯೊಂದನ್ನು ತೆರೆಯಲು ಸಭೆ ಒಮ್ಮತದಿಂದ ಒಪ್ಪಿತು. ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆಯ ಹೊದಿಕೆ ಇದ್ದರೆ ತೇವ ಆರುವುದಿಲ್ಲ, ನೀರು ಕಡಿಮೆ ಸಾಕು ಎಂಬುದು ದರಕು ಹೊತ್ತ ಯಾರಿಗೂ ಗೊತ್ತು. ನಮ್ಮಲ್ಲಿ ಗಿಡದ ಬುಡವನ್ನೂ ಗುಡಿಸಿ, ಹಣೆಯ ಹಾಗೆ ನುಣ್ಣಗೆ ಮಾಡಿ, ಬಿಸಿಲಿಗೆ ನೆಲ ಬಿರುಕು ಬಿಟ್ಟ ಮೇಲೆ ಟ್ಯಾಂಕರಿಗೆ ಫೋನ್ ಮಾಡುತ್ತಾರೆ. ಹೀಗೇಕೆಂದು ಗುಡಿಸುವ ಅಕ್ಕನನ್ನು ಕೇಳಿದರೆ, “ಎಲೆ ಉಳಿದ್ರೆ ಸೂಪರ್‌ವೈಸರ್ ಫೋಟೋ ಹಾಕ್ತಾರಮ್ಮ, ನಮ್ ಸಂಬಳದಲ್ಲಿ ಹಿಡೀತಾರೆ” ಎನ್ನುತ್ತಾಳೆ.

ಜೂನ್ 5ರ ಪರಿಸರ ದಿನವನ್ನು ನಾವು ಭರ್ಜರಿಯಾಗಿಯೇ ಆಚರಿಸಿದೆವು. ಬಾಲ್ಕನಿ ತೋಟದ ಸ್ಪರ್ಧೆಯಲ್ಲಿ ನನ್ನ ಟೊಮೆಟೊ ಗಿಡಕ್ಕೆ ಮೂರನೆಯ ಬಹುಮಾನ ಬಂತು. ಫ್ಲೆಕ್ಸ್ ಬ್ಯಾನರಿನ ಕೆಳಗೆ ನಿಲ್ಲಿಸಿ, ಚಪ್ಪಾಳೆಯ ನಡುವೆ ಅಧ್ಯಕ್ಷರು ಬಹುಮಾನ ಕೊಟ್ಟರು: ಎಲೆಗೊಬ್ಬರ, 5 ಕೆ.ಜಿ.

ಉಪಸಮಿತಿಯ ಏಕೈಕ ಸದಸ್ಯೆಯಾಗಿ ನಾನು ಆ ರಾತ್ರಿ ಸಭೆ ಸೇರಿ ಒಂದು ನಿರ್ಣಯ ಕೈಗೊಂಡೆ. ಮರುದಿನ ನಸುಕಿನಲ್ಲಿ ಗೇಟಿನ ಹೊರಗೆ ಬೀದಿಬದಿಯಲ್ಲಿ ಕುಳಿತಿದ್ದ ಎಲೆಯ ಚೀಲವೊಂದನ್ನು ಎತ್ತಿಕೊಂಡು ಒಳಗೆ ಕಾಲಿಟ್ಟೆ. ಕಾವಲುಗಾರ ತಡೆದ. ಕಸ ಹೊರಗೆ ಹೋಗುವುದಕ್ಕೆ ಪುಸ್ತಕದಲ್ಲಿ ಕಾಲಮ್ ಇದೆ, ಒಳಗೆ ಬರುವುದಕ್ಕೆ ಇಲ್ಲ ಎಂದು ವಿನಯದಿಂದಲೇ ತಿಳಿಸಿದ. ಅವನ ಕೆಲಸಕ್ಕೆ ಸಂಚಕಾರ ತರುವ ಮನಸ್ಸಾಗದೆ, ಚೀಲವನ್ನು ಹೊರಗೇ ಬಿಟ್ಟು ಮನೆಗೆ ಬಂದು, ಅಟ್ಟದ ಮೇಲೆ ಬಿದ್ದಿದ್ದ ಹಳೆಯ ರಟ್ಟಿನ ಪೆಟ್ಟಿಗೆಯನ್ನು ಒಯ್ದು, ಅದರ ತುಂಬ ಎಲೆ ಅದುಮಿ, ಟೇಪು ಸುತ್ತಿ, ವಿಳಾಸದ ಚೀಟಿ ಮೇಲೆ ಕಾಣುವಂತೆ ಹಿಡಿದು ಮತ್ತೆ ಗೇಟಿಗೆ ಬಂದೆ. ಕಾವಲುಗಾರ ಚೀಟಿ ನೋಡಿದ, ಫ್ಲಾಟಿನ ಸಂಖ್ಯೆಯನ್ನು ತನ್ನ ಮೊಬೈಲಿನಲ್ಲಿ ಒತ್ತಿದ. ನನ್ನ ಚೂಡಿದಾರದ ಜೇಬಿನಲ್ಲಿ ಫೋನು ಕಿಣಿಕಿಣಿ ಎಂದಿತು. ತೆಗೆದು ನೋಡಿದರೆ, ‘ನಿಮಗೊಂದು ಪಾರ್ಸೆಲ್ ಬಂದಿದೆ, ಒಳಗೆ ಬಿಡಬಹುದೇ?’ ಎಂಬ ಪ್ರಶ್ನೆ. ಪೆಟ್ಟಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು, ಹೆಬ್ಬೆರಳಿನಿಂದ ಹಸಿರು ಗುಂಡಿ ಒತ್ತಿದೆ. ಕಾವಲುಗಾರ ಸೆಲ್ಯೂಟ್ ಹೊಡೆದು ಗೇಟು ತೆರೆದ.