ಸ್ಪ್ರಿಂಗ್ ಬದಲಿಸಿ, ಕತ್ತರಿಸಬೇಡಿ

ಮೊನ್ನೆ ಶನಿವಾರ ನಮ್ಮ ಮನೆಯ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಡ್ಲಿ ಇರಲಿಲ್ಲ, ರಿವಾಲ್ವರಿನ ಸ್ಕ್ರೂಗಳಿದ್ದವು. ಒಂದು ಗುಳಿಗೆ ಒಂದು ಸ್ಕ್ರೂ, ಬಿಚ್ಚಿದ ಕ್ರಮದಲ್ಲೇ. ಬಿಡಿಭಾಗ ಇಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ತಟ್ಟೆ ಅಮೆರಿಕದ ಯಾವ ಅಂಗಡಿಯಲ್ಲೂ ನನಗೆ ಸಿಕ್ಕಿಲ್ಲ. ಹೆಂಡತಿ ಮಾತ್ರ ಒಂದು ಸಲ ನೋಡಿ, "ಆ ತಟ್ಟೆ ಇನ್ನು ನಿಮಗೇ ಇರಲಿ, ನಾನು ಬೇರೆ ತಗೋತೀನಿ" ಅಂದಳು.

ನಮ್ಮದು ವಿರಾಜಪೇಟೆ ಕಡೆ. ಈಗ ಇರುವುದು ಟೆಕ್ಸಾಸ್‌ನಲ್ಲಿ. ಚಿಕ್ಕಂದಿನಲ್ಲಿ ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್ ಬಂತೆಂದರೆ ತಾತ ಹಿಂದಿನ ದಿನವೇ ಕೋವಿ ಒರೆಸಲು ಕೂರುತ್ತಿದ್ದರು. ಬೆಳಿಗ್ಗೆ ಅದರ ನಳಿಗೆಗೆ ತೋಕ್ ಪೂ ಎಂಬ ಹೂವು ಸಿಕ್ಕಿಸುವುದು ನಮ್ಮ ಕೆಲಸ. ಎಣ್ಣೆ ಬಟ್ಟೆಯಲ್ಲಿ ಒರೆಸುವುದು ಬಿಟ್ಟರೆ ತಾತ ಒಂದು ಸ್ಕ್ರೂ ಕೂಡ ಮುಟ್ಟುತ್ತಿರಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ನಮ್ಮಲ್ಲಿ ಬಂದೂಕು ರಿಪೇರಿ ಮಾಡುವುದಕ್ಕೂ ಲೈಸೆನ್ಸ್ ಬೇಕು. ಹಾಗಾಗಿ ಊರಲ್ಲಿರುವವರು ಇದನ್ನು ಓದಿ ಸ್ಕ್ರೂಡ್ರೈವರ್ ಹುಡುಕಬೇಡಿ. ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಒಯ್ಯಿರಿ. ಇಲ್ಲಿ ನನ್ನ ರಿವಾಲ್ವರನ್ನು ನಾನೇ ಬಿಚ್ಚಬಹುದು. ಆ ಸ್ವಾತಂತ್ರ್ಯದ ಒಳ್ಳೆಯದು ಕೆಟ್ಟದ್ದು ಎರಡೂ ಇದೇ ತಟ್ಟೆಯಲ್ಲಿ ಕಂಡವು.

ನನ್ನದು ಸ್ಮಿತ್ ಅಂಡ್ ವೆಸನ್ ಮಾಡೆಲ್ 36, ಸೆಕೆಂಡ್ ಹ್ಯಾಂಡ್. ಐದೇ ಗುಂಡು ಹಿಡಿಯುವ .38 ಸ್ಪೆಷಲ್. ಈ ಮಾದರಿ ಬಂದಿದ್ದು 1950ರಲ್ಲಿ. ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ನಡೆದ ಪೊಲೀಸ್ ಮುಖ್ಯಸ್ಥರ ಸಮ್ಮೇಳನದಲ್ಲಿ ತೋರಿಸಿದಾಗ ಅವರೇ ಇದಕ್ಕೆ ಚೀಫ್ಸ್ ಸ್ಪೆಷಲ್ ಅಂತ ಹೆಸರಿಟ್ಟರು. 36 ಎಂಬ ನಂಬರ್ ಬಂದಿದ್ದು 1957ರಲ್ಲಿ. ಸೊಂಟಕ್ಕೋ ಜೇಬಿಗೋ ಸೇರಿಸಿಕೊಂಡು ಓಡಾಡಲು ಮಾಡಿದ ಪುಟ್ಟ ವಸ್ತು. ಹಾಗೆ ಓಡಾಡುವುದು ಸರಿಯೋ ತಪ್ಪೋ ಅನ್ನುವ ಜಗಳ ಇನ್ನೊಂದು ದಿನ ಆಡೋಣ. ಇಟ್ಟುಕೊಂಡ ಮೇಲೆ ಅದು ಸರಿಯಾಗಿ ಕೆಲಸ ಮಾಡಬೇಕು ಅಲ್ವಾ? ಇವತ್ತಿನ ಮಾತು ಅಷ್ಟೇ.

ರೇಂಜ್‌ನಲ್ಲಿ ಎರಡು ಕಾಯಿಲೆ ಒಟ್ಟಿಗೆ ಕಂಡವು. ಇಪ್ಪತ್ತೈದು ತೋಟಾದಲ್ಲಿ ಎರಡು ಹಾರಲಿಲ್ಲ. ಬರೀ 'ಟಕ್'. ಹಾಗಾದಾಗ ಕೂಡಲೇ ತೆರೆದು ನೋಡಬಾರದು. ಗುಂಡು ತಡವಾಗಿ ಹಾರಬಹುದು. ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದೆ. ಆಮೇಲೆ ತೆಗೆದು ನೋಡಿದರೆ ಪ್ರೈಮರ್ ಮೇಲೆ, ಅಂದರೆ ಪೆಟ್ಟು ಬಿದ್ದಾಗ ಕಿಡಿ ಕೊಡುವ ತೋಟಾದ ಬುಡದ ಪುಟ್ಟ ಬಟ್ಟಲಿನ ಮೇಲೆ, ಸೊಳ್ಳೆ ಕಚ್ಚಿದಷ್ಟು ಗುರುತು. ಹಾರಿದ ತೋಟಾಗಳ ಮೇಲೆ ಗುಳಿ ಚೆನ್ನಾಗಿಯೇ ಬಿದ್ದಿತ್ತು. ಎರಡನೆಯದು ಇನ್ನೂ ಮಜಾ. ಖಾಲಿ ಕೇಸು ಉದುರಿಸಲು ತೋಟಾ ತುಂಬುವ ಸಿಲಿಂಡರ್ ತೆರೆದರೆ ಅದು ತನ್ನನ್ನು ಹಿಡಿದಿರುವ ತೋಳಿನ ಸಮೇತ ಮುಂದಕ್ಕೆ ಜಾರಿ ನನ್ನ ಅಂಗೈಗೆ ಬಂತು. ಪಕ್ಕದ ಲೇನಿನ ಅಜ್ಜ ಕಿವಿಯ ಮಫ್ ಎತ್ತಿ ನಕ್ಕ.

ಮನೆಗೆ ಬಂದು ಮೊದಲು ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟೆ. ಸಿಲಿಂಡರಿನ ಐದೂ ಗೂಡು ಖಾಲಿ ಅಂತ ಎರಡು ಸಲ ಬೆರಳಾಡಿಸಿ ನೋಡಿದೆ. ಆಮೇಲೆ ಬಿಚ್ಚಲು ಕೂತೆ.

ಸ್ಕ್ರೂಗಳ ತಲೆ ನೋಡಿದರೆ ಹಿಂದಿನ ಮಾಲೀಕನ ಸ್ವಭಾವವೇ ಗೊತ್ತಾಗುತ್ತಿತ್ತು. ಮೂರರಲ್ಲಿ ಎರಡರ ಸೀಳು ಹರಿದು ಅಗಲವಾಗಿತ್ತು. ಮನೆಯ ಸಾದಾ ಸ್ಕ್ರೂಡ್ರೈವರಿನ ತುದಿ ಬೆಣೆಯ ಹಾಗೆ ಇಳಿಜಾರಾಗಿರುತ್ತದೆ. ಅದು ಸೀಳಿನ ಮೇಲಂಚನ್ನು ಮಾತ್ರ ಹಿಡಿಯುತ್ತದೆ. ಬಲ ಹಾಕಿದರೆ ಮೇಲೇರಿ ಜಾರುತ್ತದೆ, ಜಾರುವಾಗ ಅಂಚನ್ನೂ ಕಿತ್ತುಕೊಂಡು ಹೋಗುತ್ತದೆ. ಬಂದೂಕಿನ ಕೆಲಸದ ಸ್ಕ್ರೂಡ್ರೈವರಿನ ತುದಿಯ ಎರಡೂ ಪಕ್ಕ ಸಮಾನಾಂತರ. ಸೀಳಿನ ತಳದವರೆಗೂ ತುಂಬಿ ಕೂರುತ್ತದೆ. ಇದೊಂದನ್ನು ಕೊಳ್ಳಲು ಜಿಪುಣತನ ಮಾಡಿದವರೇ ಜಾಸ್ತಿ ಸ್ಕ್ರೂ ಹಾಳು ಮಾಡುವುದು.

ಮೂರರಲ್ಲಿ ಮುಂದಿನ ಸ್ಕ್ರೂ ನೋಡಲು ಉಳಿದವುಗಳ ಹಾಗೇ ಇದೆ. ಆದರೆ ಅದರ ಕೆಲಸ ಬೇರೆ. ಸಿಲಿಂಡರಿನ ತೋಳು ಮುಂದಕ್ಕೆ ಜಾರದಂತೆ ಹಿಡಿಯುವುದು ಅದರ ತುದಿಯೇ. ಅದನ್ನು ಆಯಾ ರಿವಾಲ್ವರಿಗೆ ನೋಡಿ ಹೊಂದಿಸಿರುತ್ತಾರೆ. ಅದಕ್ಕೇ ನನಗೆ ಇಡ್ಲಿ ತಟ್ಟೆ ಬೇಕು. ನನ್ನದರಲ್ಲಿ ಆ ತುದಿ ಸವೆದಿತ್ತು, ಸ್ಕ್ರೂ ಸಡಿಲವೂ ಆಗಿತ್ತು. ಹೊಸದು ತರಿಸಿ ಹಾಕಿದರೆ ಈ ಸಲ ತೋಳು ಬಿಗಿಯಾಯಿತು. ತುದಿಯನ್ನು ಎಣ್ಣೆಕಲ್ಲಿನ ಮೇಲೆ ನಾಲ್ಕು ಸಲ ಉಜ್ಜುವುದು, ಹಾಕಿ ನೋಡುವುದು, ತೆಗೆಯುವುದು, ಮತ್ತೆ ಉಜ್ಜುವುದು. ಒಂದು ಗಂಟೆ ಹೋಯಿತು. ಆಮೇಲೆ ಸ್ಕ್ರೂವಿನ ಎಳೆಯಲ್ಲಿನ ಎಣ್ಣೆ ಒರೆಸಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು ನೀಲಿ ಲಾಕ್‌ಟೈಟ್ ಒಂದೇ ತೊಟ್ಟು. ಕೆಂಪು ಬೇಡ, ಅದು ಬಿಚ್ಚಬೇಕಾದರೆ ಕಾಯಿಸಬೇಕಾಗುತ್ತದೆ. ಇದೇ ಗಾತ್ರದ ಹಗುರ ಮಾದರಿಗಳ ಫ್ರೇಮ್ ಅಲ್ಯೂಮಿನಿಯಂ. ಅದರಲ್ಲಿ ಸ್ಕ್ರೂ ಅತಿಯಾಗಿ ಬಿಗಿದರೆ ಫ್ರೇಮಿನ ಎಳೆಯೇ ಹೋಗುತ್ತದೆ.

ಸ್ಕ್ರೂ ತೆಗೆದ ಮೇಲೆ ಒಳಗಿನ ಭಾಗಗಳನ್ನು ಮುಚ್ಚಿರುವ ಪಕ್ಕದ ತಗಡನ್ನು ಮೀಟಬಾರದು. ಹಿಡಿಕೆಯ ಫ್ರೇಮಿಗೆ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಇದ್ದರೆ ಆ ಅದುರುವಿಕೆಗೆ ತಗಡು ತಾನೇ ಮೇಲೆ ಬರುತ್ತದೆ. ಹಲಸಿನ ಹಣ್ಣು ತಟ್ಟಿ ನೋಡುತ್ತೇವಲ್ಲ, ಅಷ್ಟು ಪೆಟ್ಟು ಸಾಕು.

ಒಳಗೆ ಇತ್ತು ನಿಜವಾದ ಕತೆ. ಹ್ಯಾಮರನ್ನು, ನಮ್ಮ ಕಡೆ ಕುದುರೆ ಅನ್ನುತ್ತೇವಲ್ಲ ಅದನ್ನು, ಹಿಂದಕ್ಕೆ ಎಳೆದು, ಅದರ ಪೆಟ್ಟಿಗೆ ಬಲ ಕೊಡುವ ಮೇನ್ ಸ್ಪ್ರಿಂಗಿನ ಕಡ್ಡಿಯ ತುದಿಯ ತೂತಿಗೆ ಪೇಪರ್ ಕ್ಲಿಪ್ ಸಿಕ್ಕಿಸಿ, ಹ್ಯಾಮರ್ ಇಳಿಸಿದರೆ ಸ್ಪ್ರಿಂಗ್ ಕಡ್ಡಿ ಸಮೇತ ಈಚೆ ಬರುತ್ತದೆ. ಬಂತು. ಕಾರ್ಖಾನೆಯ ಸ್ಪ್ರಿಂಗಿನ ಎರಡೂ ತುದಿಯ ಸುತ್ತು ಮುಚ್ಚಿಕೊಂಡು ಚಪ್ಪಟೆಯಾಗಿರುತ್ತದೆ. ಇದರ ಒಂದು ತುದಿ ಮೊಂಡಾಗಿ, ಓರೆಯಾಗಿ, ಕಟಿಂಗ್ ಪ್ಲೇಯರ್‌ನ ಹಲ್ಲಿನ ಗುರುತಿನ ಸಮೇತ ಇತ್ತು. ಯಾರೋ ಒಂದು ಸುತ್ತು ಕತ್ತರಿಸಿ ಎಸೆದಿದ್ದಾರೆ. ಟ್ರಿಗರ್ ಹಗುರವಾಗಲಿ ಅಂತ!

ನನ್ನ ತಕರಾರು ಇರುವುದು ಇಲ್ಲಿ. ಸವೆದ ಸ್ಪ್ರಿಂಗ್ ಬದಲಿಸುವುದು ಬೇರೆ, ಸ್ಪ್ರಿಂಗನ್ನು ಹಗುರ ಮಾಡುವುದು ಬೇರೆ. ಇಲ್ಲಿನ ಗೆಳೆಯರ ಗುಂಪಿನಲ್ಲಿ ಎರಡನ್ನೂ 'ಸ್ಪ್ರಿಂಗ್ ಚೇಂಜ್' ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ದೊಡ್ಡ ರಿವಾಲ್ವರುಗಳಲ್ಲಿ ಪಟ್ಟಿ ಸ್ಪ್ರಿಂಗಿಗೆ ಒತ್ತಡ ಕೊಡುವ ಸ್ಕ್ರೂ ಒಂದಿರುತ್ತದೆ. ಅದನ್ನು ಅರ್ಧ ಸುತ್ತು ಸಡಿಲಿಸಿ 'ಬೆಣ್ಣೆ ಹಾಗಾಯ್ತು' ಅಂತ ಕುಣಿಯುವವರನ್ನೂ ನೋಡಿದ್ದೇನೆ. ಬೆಣ್ಣೆ ಸರಿ, ಈಡು ಹಾರಬೇಕಲ್ಲ? ಪ್ರೈಮರ್ ಒಡೆಯಲು ಇಷ್ಟು ಪೆಟ್ಟು ಅಂತ ಬೇಕೇ ಬೇಕು. ಕಾಗದದ ಗುರಿಗೆ ಹೊಡೆಯುವವನು ಹಗುರ ಮಾಡಿಕೊಳ್ಳಲಿ. ಹಾರದಿದ್ದರೆ ಅವನಿಗೆ ಒಂದು ಪಾಯಿಂಟ್ ನಷ್ಟ, ಅಷ್ಟೇ. ಜೀವ ಕಾಯಲಿ ಅಂತ ಜೇಬಲ್ಲಿ ಇಟ್ಟುಕೊಂಡವನಿಗೆ ಆ 'ಟಕ್' ಸದ್ದು ಕೇಳಿದರೆ ಏನು ಗತಿ?

'ವರ್ಷಗಟ್ಟಲೆ ಒತ್ತಿಕೊಂಡೇ ಇದ್ದು ಸ್ಪ್ರಿಂಗ್ ಸತ್ತಿದೆ' ಅನ್ನುವ ಮಾತೂ ಬಹಳ ಕೇಳುತ್ತೇನೆ. ಒಳ್ಳೆಯ ಸ್ಪ್ರಿಂಗ್ ಸುಮ್ನೆ ಒತ್ತಿಟ್ಟರೆ ಅಷ್ಟು ಸುಲಭವಾಗಿ ಸಾಯಲ್ಲ. ಸಾವಿರಾರು ಸಲ ಒತ್ತಿ ಬಿಟ್ಟರೆ ದಣಿಯುತ್ತದೆ. ಬೆವರು ಕುಡಿದು ತುಕ್ಕು ಹಿಡಿದರೆ ಸಾಯುತ್ತದೆ. ಎಲ್ಲಕ್ಕಿಂತ ಬೇಗ ಸಾಯುವುದು ಕಟಿಂಗ್ ಪ್ಲೇಯರ್‌ನಿಂದ.

ಮೇನ್ ಸ್ಪ್ರಿಂಗಿನ ಜೊತೆಗೆ ಟ್ರಿಗರನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗನ್ನೂ ಬದಲಿಸಿದೆ. ಅದು ಸೋತರೆ ಟ್ರಿಗರ್ ಬೆರಳನ್ನು ಹಿಂಬಾಲಿಸುವುದು ಬಿಟ್ಟು ಸೋಮಾರಿಯ ಹಾಗೆ ಬರುತ್ತದೆ. ಈ ಸ್ಪ್ರಿಂಗ್ ತೆಗೆಯುವಾಗ ಇಡೀ ರಿವಾಲ್ವರನ್ನು ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಫ್ರಿಜ್ ಅಡಿಯಲ್ಲಿ ಹುಡುಕಬೇಕಾಗುತ್ತದೆ. ಅನುಭವದ ಮಾತು.

ಜೋಡಿಸುವಾಗ, ಟ್ರಿಗರ್ ಎಳೆಯದಿದ್ದಾಗ ಹ್ಯಾಮರನ್ನು ತಡೆದು ನಿಲ್ಲಿಸುವ ಹ್ಯಾಮರ್ ಬ್ಲಾಕ್ ಎಂಬ ಬಾಗಿದ ಪುಟ್ಟ ಕಡ್ಡಿ ಮರೆಯಬೇಡಿ. ಅದಿಲ್ಲದೆಯೂ ಟ್ರಿಗರ್ ಎಳೆದರೆ ಗುಂಡು ಹಾರುತ್ತದೆ, ಅದಕ್ಕೇ ಮರೆತಿದ್ದೇ ಗೊತ್ತಾಗುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಡಗೊಂದರ ಡೆಕ್ ಮೇಲೆ ಇದೇ ಕಂಪನಿಯ ರಿವಾಲ್ವರ್ ಬಿದ್ದು ಗುಂಡು ಹಾರಿ ನಾವಿಕನೊಬ್ಬ ಸತ್ತ. ಅದಾದ ಮೇಲೆಯೇ ಈಗಿನ ರೀತಿಯ ಬ್ಲಾಕ್ ಬಂದಿದ್ದು.

ಭಾನುವಾರ ಮತ್ತೆ ರೇಂಜಿಗೆ ಹೋದೆ. ಜೇಬಲ್ಲಿ ಇಟ್ಟುಕೊಳ್ಳುವ ತೋಟಾವನ್ನೇ ಐವತ್ತು ಹೊಡೆದೆ. ಐವತ್ತೂ ಹಾರಿದವು. ಸಿಲಿಂಡರ್ ಎಲ್ಲಿರಬೇಕೋ ಅಲ್ಲೇ ಇತ್ತು. ಟ್ರಿಗರ್ ಮೊದಲಿಗಿಂತ ಗಟ್ಟಿ, ಸಂಜೆ ಹೊತ್ತಿಗೆ ತೋರುಬೆರಳು ನೋಯುತ್ತಿತ್ತು. ನೋಯಲಿ.

ಕತ್ತರಿಸಿದ ಹಳೇ ಸ್ಪ್ರಿಂಗನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಇಟ್ಟಿದ್ದೇನೆ. ಮುಂದಿನ ವಾರ ಗೆಳೆಯನೊಬ್ಬ ತನ್ನ ರಿವಾಲ್ವರ್ ಹಿಡಿದು ಬರುತ್ತಾನಂತೆ, 'ಸ್ವಲ್ಪ ಹಗುರ ಮಾಡಿಕೊಡು ಮಾರಾಯ' ಅಂತ. ಕಾಫಿ ಕೊಡುವ ಮೊದಲು ಅವನ ಕೈಗೆ ಆ ಬೆಂಕಿಪೊಟ್ಟಣ ಕೊಡುತ್ತೇನೆ.